ನಿಮ್ಮ ಹೆಸರಿನ ಉತಾರ ನೋಡಿದ್ದೀರಾ? ಗುರುತಿನ ಕಳವು ಮತ್ತು ಸಾಲದ ಮೋಸ ತಡೆಯಲು ಸಮಗ್ರ ಮಾರ್ಗದರ್ಶಿ

ಮನೆ ರಿಪೇರಿಗೆ ಸಾಲ ಕೇಳಲು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಕೂತಿದ್ದೆ. ಪ್ಯಾನ್, ಆಧಾರ್, ಸಂಬಳದ ಚೀಟಿ ಎಲ್ಲ ಕೊಟ್ಟಾಗಿತ್ತು. ಕಂಪ್ಯೂಟರ್ ನೋಡುತ್ತಿದ್ದ ಮ್ಯಾನೇಜರ್ ಇದ್ದಕ್ಕಿದ್ದಂತೆ ಸುಮ್ಮನಾದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಸರ, ಮೊಬೈಲ್ ಸಾಲ ಒಂದು ಬಾಕಿ ಐತಲ್ರಿ. ಹದಿನಾಲ್ಕು ತಿಂಗಳಾತು, ಒಂದೂ ಕಂತು ಕಟ್ಟಿಲ್ಲ."

ನಾನು ಯಾವತ್ತೂ ಮೊಬೈಲನ್ನು ಸಾಲದಲ್ಲಿ ತಗೊಂಡವನಲ್ಲ. ಆದರೆ ಪರದೆಯ ಮೇಲೆ ಇತ್ತು: 21,990 ರೂಪಾಯಿ. ಹೆಸರು ನನ್ನದೇ, ಹುಟ್ಟಿದ ದಿನ ನನ್ನದೇ, ಪ್ಯಾನ್ ನನ್ನದೇ. ಫೋನ್ ನಂಬರ್ ಮಾತ್ರ ಯಾರದೋ. ವಿಳಾಸ ನಾನು ಕಾಲೇ ಇಡದ ಊರಿನದು. ಅವತ್ತು ಸಾಲ ಸಿಗಲಿಲ್ಲ. ಪರದೆಯ ಮೇಲಿನ ಆ ಒಂದು ಸಾಲನ್ನು ಅಳಿಸಲು ನಾಲ್ಕು ತಿಂಗಳು ಬೇಕಾಯಿತು.

ನಮ್ಮ ಕಡೆ ಹೊಲ ಇರುವವರು ಆಗಾಗ ಉತಾರ (ಪಹಣಿ) ತೆಗೆಸಿ ನೋಡುತ್ತಾರೆ, ಅಲ್ವಾ? ಹೆಸರು ಸರಿ ಇದೆಯೋ, ಹನ್ನೊಂದನೇ ಕಾಲಂನಲ್ಲಿ ಗೊತ್ತಿಲ್ಲದ ಬೋಜಾ (ಸಾಲದ ಹೊರೆ) ಏನಾದರೂ ಕೂತಿದೆಯೋ ಅಂತ. ನಮ್ಮ ಹೆಸರಿಗೂ ಅಂಥದೇ ಉತಾರಗಳಿವೆ. ಸಾಲದ್ದು ಒಂದು, ಸಿಮ್ಮಿನದು ಒಂದು, ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅನ್ನುವುದು ಇನ್ನೊಂದು. ಎಲ್ಲವನ್ನೂ ಪುಕ್ಕಟೆ ನೋಡಬಹುದು. ನೋಡುವ ರೂಢಿ ಮಾತ್ರ ನಮಗಿಲ್ಲ. ನಾನೂ ನೋಡಿರಲಿಲ್ಲ.

ಕಳ್ಳನಿಗೆ ಏನು ಬೇಕು

ಗುರುತಿನ ಕಳವು ಅಂದ ಕೂಡಲೇ ಎಲ್ಲೋ ದೂರದಲ್ಲಿ ಕೂತ ಕಂಪ್ಯೂಟರ್ ಹುಡುಗ ನೆನಪಾಗುತ್ತಾನೆ. ಅಂಥವರೂ ಇದ್ದಾರೆ. ಆದರೆ ನಾನು ಕಂಡ ಹೆಚ್ಚಿನ ಪ್ರಕರಣಗಳು ಶುರುವಾಗಿದ್ದು ಝೆರಾಕ್ಸ್ ಅಂಗಡಿಯಲ್ಲಿ, ಸಿಮ್ ಮಾರುವ ಛತ್ರಿಯ ಕೆಳಗೆ, ಇಲ್ಲವೇ ಗುರುತಿನವರೇ ಕೇಳಿ ಒಯ್ದ ಒಂದು ಕಾಗದದಿಂದ.

ಆಧಾರ್ ನಂಬರ್ ಒಂದರಿಂದಲೇ ಯಾರೂ ಏನೂ ಮಾಡಲಾಗದು. ಪ್ಯಾನ್ ಒಂದರಿಂದಲೂ ಅಷ್ಟೇ. ಆದರೆ ಪ್ಯಾನ್ ಪ್ರತಿ, ಆಧಾರ್ ಪ್ರತಿ, ಪಾಸ್‌ಪೋರ್ಟ್ ಸೈಜಿನ ಫೋಟೊ, ಒಂದು ಸಹಿ ಮತ್ತು ನಿಮ್ಮ ಹೆಸರಿನದೇ ಒಂದು ಸಿಮ್, ಇವೆಲ್ಲ ಒಂದೇ ಕೈಗೆ ಸಿಕ್ಕರೆ ಅಂಗಡಿಯ ಕೌಂಟರಿನಲ್ಲೇ ಸಾಲ ಪಾಸಾಗಿಬಿಡುತ್ತದೆ. ಹೆಬ್ಬೆಟ್ಟಿನ ಗುರುತು ಸಿಕ್ಕರಂತೂ ಓಟಿಪಿಯೂ ಬೇಡ. ಹಾಗಾಗಿ ನಮ್ಮ ಕೆಲಸ ಈ ತುಣುಕುಗಳು ಒಂದು ಕಡೆ ಸೇರದ ಹಾಗೆ ನೋಡಿಕೊಳ್ಳುವುದು. ಸೇರಿಬಿಟ್ಟಿದ್ದರೆ ಬೇಗ ಪತ್ತೆ ಹಚ್ಚುವುದು. ಮೊದಲು ಪತ್ತೆ ಹಚ್ಚುವುದನ್ನೇ ನೋಡೋಣ. ಈಗಾಗಲೇ ಏನೇನು ಆಗಿದೆಯೋ ಯಾರಿಗೆ ಗೊತ್ತು?

ಹೆಜ್ಜೆ 1: ಸಾಲದ ಉತಾರ ತೆಗೆಯಿರಿ

ಬ್ಯಾಂಕು, ಫೈನಾನ್ಸುಗಳಲ್ಲಿ ನಾವು ತೆಗೆದ ಸಾಲದ ಲೆಕ್ಕ ನಾಲ್ಕು ಕಂಪನಿಗಳ ಹತ್ತಿರ ಇರುತ್ತದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಜನ ಎಲ್ಲವನ್ನೂ ಸೇರಿಸಿ 'ಸಿಬಿಲ್' ಅಂತಲೇ ಕರೆಯುತ್ತಾರೆ. ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಇದು ಆರ್‌ಬಿಐ ನಿಯಮ, 2017ರಿಂದ ಜಾರಿಯಲ್ಲಿದೆ.

ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ. ಮೂರು ತಿಂಗಳಿಗೊಂದರಂತೆ ತೆಗೆಯಿರಿ. ಯುಗಾದಿಗೆ ಒಂದು, ಪಂಚಮಿಗೆ ಒಂದು, ದೀಪಾವಳಿಗೆ ಒಂದು, ಸಂಕ್ರಾಂತಿಗೆ ಒಂದು ಅಂತ ಇಟ್ಟುಕೊಂಡರೆ ನೆನಪಿರುತ್ತದೆ. ಹೀಗೆ ಮಾಡಿದರೆ ವರ್ಷವಿಡೀ ಹೆಸರಿನ ಮೇಲೆ ಕಣ್ಣಿಟ್ಟ ಹಾಗಾಯಿತು, ಒಂದು ಪೈಸೆ ಖರ್ಚಿಲ್ಲ.

ಕಂಪನಿಯ ಸ್ವಂತ ಜಾಲತಾಣಕ್ಕೇ ಹೋಗಿ. 'ಪುಕ್ಕಟೆ ಸ್ಕೋರ್' ಅಂತ ಕರೆಯುವ ಬೇರೆ ಆ್ಯಪ್‌ಗಳಲ್ಲೂ ಸ್ಕೋರ್ (ನೀವು ಸಾಲ ಹೇಗೆ ತೀರಿಸುತ್ತೀರಿ ಅನ್ನುವುದಕ್ಕೆ ಕೊಡುವ ಅಂಕ) ಸಿಗುತ್ತದೆ. ಆದರೆ ಅಲ್ಲಿ ಪ್ಯಾನ್ ಕೊಟ್ಟ ಮರುದಿನದಿಂದಲೇ ಸಾಲ ಬೇಕಾ ಅಂತ ಫೋನ್ ಶುರು. ಕಂಪನಿಯ ಜಾಲತಾಣದಲ್ಲೂ ತಿಂಗಳ ಚಂದಾ ಕಟ್ಟುವ ಬಟನ್ನೇ ದೊಡ್ಡದಾಗಿ ಕಾಣುತ್ತದೆ. ಪುಕ್ಕಟೆ ವರದಿಯ ಕೊಂಡಿ ಎಲ್ಲೋ ಮೂಲೆಯಲ್ಲಿರುತ್ತದೆ. ಹುಡುಕಿ, ಸಿಗುತ್ತದೆ. ಇನ್ನೊಂದು ಮಾತು. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು. ಸಾಲ ಕೊಡುವವರು ತೆಗೆದು ನೋಡಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ವರದಿ ಕೈಗೆ ಬಂದ ಮೇಲೆ ಎಲ್ಲರೂ ಮೊದಲು ನೋಡುವುದು ಸ್ಕೋರ್. 300ರಿಂದ 900ರ ನಡುವಿನ ಒಂದು ಅಂಕಿ. ಮೋಸ ಹುಡುಕಲು ಅದರಿಂದ ಅಷ್ಟೇನೂ ಉಪಯೋಗವಿಲ್ಲ. ನೀವು ಕೆಳಗಿನಿಂದ ಮೇಲಕ್ಕೆ ಓದಿ.

ಕೊನೆಯಲ್ಲಿ 'ಎನ್‌ಕ್ವೈರಿ' ಅಂತ ಒಂದು ಭಾಗ ಇರುತ್ತದೆ. ಯಾವ ಯಾವ ಬ್ಯಾಂಕು, ಫೈನಾನ್ಸು ನಿಮ್ಮ ವರದಿಯನ್ನು ಯಾವ ದಿನ ತೆಗೆದು ನೋಡಿತು ಅನ್ನುವ ಪಟ್ಟಿ ಅದು. ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರು ಅಲ್ಲಿದ್ದರೆ, ಯಾರೋ ನಿಮ್ಮ ಹೆಸರಿನಲ್ಲಿ ಬಾಗಿಲು ತಟ್ಟಿದ್ದಾರೆ ಅಂತ ಅರ್ಥ. ಸಾಲ ಇನ್ನೂ ಸಿಕ್ಕಿರಲಿಕ್ಕಿಲ್ಲ. ಹಿಡಿಯಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ನನ್ನ ವರದಿಯಲ್ಲಿ ಆ ಮೊಬೈಲ್ ಸಾಲಕ್ಕೆ ಮೊದಲು ಅದೇ ವಾರದಲ್ಲಿ ಇನ್ನೂ ಎರಡು ಕಡೆ ಹೀಗೆ ತಟ್ಟಿದ್ದರು. ಎರಡೂ ಕಡೆ ಸಿಕ್ಕಿರಲಿಲ್ಲ, ಮೂರನೆಯ ಕಡೆ ಸಿಕ್ಕಿತು. ನಾನು ಮಾತ್ರ ಹಾಯಾಗಿ ಮಲಗಿದ್ದೆ.

ಆಮೇಲೆ ಖಾತೆಗಳ ಪಟ್ಟಿ. ಪ್ರತಿ ಸಾಲದ ಮುಂದೆ ಯಾವಾಗ ತೆಗೆದದ್ದು, ಎಷ್ಟು, ಎಷ್ಟು ಬಾಕಿ ಅಂತ ಇರುತ್ತದೆ. ಕೆಳಗೆ ತಿಂಗಳ ಪ್ರಕಾರ ಚೌಕಗಳು. ಅದರಲ್ಲಿ 000 ಇದ್ದರೆ ಕಂತು ಸರಿಯಾಗಿ ಹೋಗಿದೆ. 030, 060, 090 ಅಂತ ಇದ್ದರೆ ಅಷ್ಟು ದಿನ ತಡವಾಗಿದೆ. ನೀವು ಯಾರಿಗೋ ಜಾಮೀನು ನಿಂತಿದ್ದರೆ ಆ ಸಾಲವೂ ಇಲ್ಲೇ ಕಾಣುತ್ತದೆ. ಅದನ್ನು ಮೋಸ ಅಂತ ತಿಳಿದು ಗಾಬರಿಯಾಗಬೇಡಿ. ಕೊನೆಗೆ ವಿಳಾಸ ಮತ್ತು ಫೋನ್ ನಂಬರುಗಳ ಭಾಗ. ನಿಮ್ಮದಲ್ಲದ ನಂಬರ್ ಇದ್ದರೆ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಮುಂದೆ ಪೊಲೀಸರಿಗೆ ಅದೇ ಮೊದಲ ಸುಳಿವು.

ಮನೆಯ ಹೆಣ್ಣುಮಕ್ಕಳು ಸಂಘದ ಸಾಲ ತೆಗೆದಿದ್ದರೆ ಹೈ ಮಾರ್ಕ್ ವರದಿಯನ್ನೇ ಮೊದಲು ತೆಗೆಯಿರಿ. ಆ ಕಂಪನಿ ಮೊದಲಿನಿಂದಲೂ ಮೈಕ್ರೋಫೈನಾನ್ಸ್ ಸಾಲಗಳ ಲೆಕ್ಕ ಇಡುತ್ತಾ ಬಂದಿದೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ "ಅಕ್ಕಾ, ನೀ ಬರೇ ಸಹಿ ಮಾಡು, ಕಂತು ನಾ ಕಟ್ಟತೇನಿ" ಅಂತ ಸಂಘದಲ್ಲಿ ಬೇರೆಯವರ ಹೆಸರಿನಲ್ಲಿ ಸಾಲ ಎತ್ತುವುದು ಮಾಮೂಲಿ. ನಾಲ್ಕು ಕಂತು ಕಟ್ಟುತ್ತಾರೆ, ಆಮೇಲೆ ಊರು ಬಿಡುತ್ತಾರೆ. ನೀವೇ ಹೋಗಿ ಫೋಟೊ ಕೊಟ್ಟು, ಸಹಿ ಮಾಡಿ, ಹಣ ನಿಮ್ಮ ಖಾತೆಗೇ ಬಂದಿದ್ದರೆ ಕಾಗದದ ಪ್ರಕಾರ ಅದು ನಿಮ್ಮದೇ ಸಾಲ. 'ನನ್ನ ಗುರುತು ಕದ್ದರು' ಅನ್ನುವ ದೂರು ಅಲ್ಲಿ ನಿಲ್ಲುವುದಿಲ್ಲ. ಹಣ ಒಯ್ದವರ ಮೇಲೆ ವಂಚನೆ ದೂರು ಕೊಡಬಹುದು, ಆದರೆ ಕಂತಿನ ಹೊಣೆ ನಿಮ್ಮ ತಲೆಯ ಮೇಲೇ. ನಿಮಗೆ ಗೊತ್ತೇ ಇಲ್ಲದೆ, ಹಿಂದೆ ಯಾವುದಕ್ಕೋ ಕೊಟ್ಟ ಪ್ರತಿ ಬಳಸಿ ಸಾಲ ಎತ್ತಿದ್ದರೆ ಅದು ಬೇರೆ ಮಾತು. ದೂರು ಕೊಡುವ ಮೊದಲು ಈ ಎರಡರಲ್ಲಿ ನಿಮ್ಮದು ಯಾವುದು ಅಂತ ನಿಮಗೇ ಖಾತ್ರಿ ಇರಲಿ.

ಹೆಜ್ಜೆ 2: ಸಿಮ್ ಎಷ್ಟಿವೆ?

ಸಂಚಾರ್ ಸಾಥಿ ಅನ್ನುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಜಾಲತಾಣ. ಆ್ಯಪ್ ಕೂಡ ಇದೆ. ಮೊಬೈಲ್ ನಂಬರ್ ಹಾಕಿ, ಓಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ನಂಬರುಗಳ ಪಟ್ಟಿ ಬರುತ್ತದೆ. ಐದು ನಿಮಿಷದ ಕೆಲಸ. ಇವತ್ತೇ ಮಾಡಿ.

ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿಗೆ ಹೆಚ್ಚೆಂದರೆ 9 ಸಿಮ್. ನಿಮ್ಮ ಪಟ್ಟಿಯಲ್ಲಿ ಗೊತ್ತಿಲ್ಲದ ನಂಬರ್ ಕಂಡರೆ 'ಇದು ನನ್ನ ನಂಬರ್ ಅಲ್ಲ' ಅನ್ನುವ ಆಯ್ಕೆ ಒತ್ತಿ ದೂರು ಹಾಕಿ. ಕಂಪನಿಯವರು ಪರಿಶೀಲಿಸಿ ಬಂದ್ ಮಾಡುತ್ತಾರೆ. ಅವಸರ ಬೇಡ. ಅಪ್ಪನ ನಂಬರ್ ನಿಮ್ಮ ಹೆಸರಿನಲ್ಲೇ ತಗೊಂಡಿರಬಹುದು, ಡಾಂಗಲ್‌ನ ಸಿಮ್ ಇರಬಹುದು. ನನ್ನ ಗೆಳೆಯನೊಬ್ಬ ಹೆಂಡತಿಯ ಹಳೆ ನಂಬರನ್ನೇ ಕಳ್ಳ ಸಿಮ್ ಅಂತ ಬಂದ್ ಮಾಡಿಸಿ ಒಂದು ವಾರ ಮನೆಯಲ್ಲಿ ಬೈಸಿಕೊಂಡ.

ಹೊಸ ಸಿಮ್ ತಗೊಳ್ಳುವಾಗ "ಫೋಟೊ ಸರಿ ಬಂದಿಲ್ಲ, ಇನ್ನೊಮ್ಮೆ", "ಹೆಬ್ಬೆಟ್ಟು ಹತ್ತಲಿಲ್ಲ, ಇನ್ನೊಮ್ಮೆ" ಅಂದರೆ ಜಾಗ್ರತೆ. ಎರಡನೇ ಸಲ ಇಟ್ಟ ಹೆಬ್ಬೆಟ್ಟಿಗೆ ಎರಡನೇ ಸಿಮ್ ಹುಟ್ಟಿರಬಹುದು. ಅದೇ ರಾತ್ರಿ ಸಂಚಾರ್ ಸಾಥಿ ನೋಡಿ, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಿ.

ಇನ್ನೊಂದು ಅಪಾಯ, ನಿಮ್ಮ ನಂಬರಿಗೇ ಬೇರೆಯವರು ಹೊಸ ಸಿಮ್ ತೆಗೆಸುವುದು. ಹಾಗಾದಾಗ ನಿಮ್ಮ ಫೋನಿನಲ್ಲಿ ನೆಟ್‌ವರ್ಕ್ ಹೊರಟುಹೋಗುತ್ತದೆ. ಪಕ್ಕದವರಿಗೆ ಅದೇ ಕಂಪನಿಯ ಸಿಗ್ನಲ್ ಇದೆ, ನಿಮಗೆ ಮಾತ್ರ ಇಲ್ಲ, ಫೋನ್ ಆರಿಸಿ ಹಚ್ಚಿದರೂ ಬರುತ್ತಿಲ್ಲ ಅಂದರೆ ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ಕರೆ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಹೆಜ್ಜೆ 3: ಹೆಬ್ಬೆಟ್ಟಿಗೆ ಬೀಗ

ಗದಗ ಜಿಲ್ಲೆಯ ನಮ್ಮ ಚಿಗವ್ವನ ಊರು. ಗೃಹಲಕ್ಷ್ಮಿ ದುಡ್ಡು ಬಿಡಿಸಲು ಅವಳ ಜೊತೆ ಹೋಗಿದ್ದೆ. ಕಿರಾಣಿ ಅಂಗಡಿಯ ಮುಂದೆ ಒಂದು ಟೇಬಲ್, ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಬೆರಳಿಡುವ ಪುಟ್ಟ ಯಂತ್ರ. ಚಿಗವ್ವ ಸೆರಗಿನಿಂದ ಬೆರಳು ಒರೆಸಿಕೊಂಡು ಇಟ್ಟಳು. ಹುಡುಗ ಪರದೆ ನೋಡಿ, "ಸರ್ವರ್ ಬರವಲ್ದು ಆಯಿ, ಇನ್ನೊಮ್ಮೆ ಇಡ್ರಿ" ಅಂದ. ಇಟ್ಟಳು. ಎರಡು ಸಾವಿರ ಎಣಿಸಿ ಕೊಟ್ಟ. ಚೀಟಿ ಕೇಳಿದೆ. "ಪೇಪರ್ ಮುಗದೈತಿ" ಅಂದ. ಅಲ್ಲಿಂದ ಸೀದಾ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. ಆ ದಿನ ಒಂದೇ ಸಲ ಕಡಿತವಾಗಿತ್ತು, ಹುಡುಗ ಪ್ರಾಮಾಣಿಕನೇ. ಆದರೆ ಹಿಂದಿನ ತಿಂಗಳು, ಬೇರೊಬ್ಬನ ಯಂತ್ರದಲ್ಲಿ, ಒಂದೇ ದಿನ ಎರಡು ಸಲ ಕಡಿತವಾಗಿದ್ದು ಆ ಪಾಸ್‌ಬುಕ್ಕಿನಲ್ಲೇ ಕಂಡಿತು. ಚಿಗವ್ವ ಅವತ್ತು ಮನೆಗೆ ತಂದಿದ್ದು ಒಂದೇ ಸಲದ ದುಡ್ಡು.

ಆಧಾರ್ ಮೂಲಕ ಹಣ ತೆಗೆಯುವ ಈ ವ್ಯವಸ್ಥೆಗೆ ಬೇಕಾಗಿರುವುದು ಮೂರೇ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಪಿನ್ ಇಲ್ಲ, ಓಟಿಪಿ ಇಲ್ಲ. ಬ್ಯಾಂಕು ದೂರ ಇರುವ ಹಳ್ಳಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆರಳಿನ ಗುರುತನ್ನು ನಕಲು ಮಾಡಿದರೆ ಊರಿಗೇ ಬರದೆ ಹಣ ಎತ್ತಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಹೀಗಾಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟು ಮತ್ತು ಆಧಾರ್ ನಂಬರ್ ಬಳಸಿ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು.

ಇದಕ್ಕೆ ಬೀಗ ಇದೆ. ಆಧಾರ್ ಆ್ಯಪ್ ಅಥವಾ ಮೈ ಆಧಾರ್ ಜಾಲತಾಣದಲ್ಲಿ ಓಟಿಪಿ ಕೊಟ್ಟು ಒಳಗೆ ಹೋಗಿ 'ಬಯೋಮೆಟ್ರಿಕ್ ಲಾಕ್' ಒತ್ತಿ. ಅಲ್ಲಿಂದ ಮುಂದೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದೂ ಆಧಾರ್ ಯಂತ್ರದಲ್ಲಿ ಕೆಲಸ ಮಾಡುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದು, ಕೆಲಸ ಮುಗಿಸಬಹುದು. ಓಟಿಪಿಯಿಂದ ಆಗುವ ಕೆಲಸಗಳಿಗೆ ಏನೂ ತೊಂದರೆ ಇಲ್ಲ.

ಒಂದು ಎಚ್ಚರಿಕೆ. ರೇಷನ್ ಅಂಗಡಿಯಲ್ಲೂ ಅದೇ ಹೆಬ್ಬೆಟ್ಟು. ಲಾಕ್ ಮಾಡಿ ಮರೆತರೆ ಸಾಲಿನಲ್ಲಿ ನಿಂತು ವಾಪಸ್ ಬರಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ರೇಷನ್ ತರುವವರು, ದುಡ್ಡು ಬಿಡಿಸುವವರು ಯಾರೋ ಅವರದನ್ನು ತೆರೆಯಲು ಬರುವ ಒಬ್ಬರು ಮನೆಯಲ್ಲಿರಬೇಕು. ನನ್ನ ಮಾತು ಕೇಳುವುದಾದರೆ, ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಇದ್ದು ಹೆಬ್ಬೆಟ್ಟಿನ ಕೆಲಸವೇ ಇಲ್ಲದವರು ಇವತ್ತೇ ಲಾಕ್ ಮಾಡಿ. ತಿಂಗಳಿಗೆರಡು ಸಲ ಬೆರಳು ಇಡುವ ಹಿರಿಯರಿಗೆ ಪಾಸ್‌ಬುಕ್ ಎಂಟ್ರಿಯ ಅಭ್ಯಾಸವೇ ಸಾಕು.

ಅದೇ ಜಾಗದಲ್ಲಿ 'ಆಥೆಂಟಿಕೇಶನ್ ಹಿಸ್ಟರಿ' ಅಂತ ಇದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲಿ, ಯಾವಾಗ, ಬೆರಳಿನಿಂದಲೋ ಓಟಿಪಿಯಿಂದಲೋ ಬಳಕೆಯಾಯಿತು ಅನ್ನುವ ಪಟ್ಟಿ. ನೀವು ಹೊಲದಲ್ಲಿದ್ದ ಹೊತ್ತಿಗೆ ನಿಮ್ಮ ಬೆರಳು ಎಲ್ಲೋ ಬಿದ್ದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆಲ್ಲ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಆಗಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಮಾಡಿಸಿ. ಸಂಶಯ ಇದ್ದರೆ 1947ಕ್ಕೆ ಕರೆ ಮಾಡಿ.

ಹೆಜ್ಜೆ 4: ಝೆರಾಕ್ಸ್ ಅಂಗಡಿಯ ಶಿಸ್ತು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಆರಕ್ಕೆ ಯಾವುದಾದರೂ ಝೆರಾಕ್ಸ್ ಅಂಗಡಿ ಮುಂದೆ ನಿಂತು ನೋಡಿ. ಪರೀಕ್ಷೆಗೆ ಓದುವ ಹುಡುಗರು ಸಾಲುಗಟ್ಟಿ ನಿಂತು ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾರೆ. ಪ್ರಿಂಟ್ ತಗೊಂಡು ಹೋಗುತ್ತಾರೆ. ಫೈಲ್ ಅಲ್ಲೇ ಉಳಿಯುತ್ತದೆ. ಅಂಗಡಿಯವನು ಒಳ್ಳೆಯವನೇ ಇರಬಹುದು. ಆ ಕಂಪ್ಯೂಟರಿನ ಮುಂದೆ ನಾಳೆ ಯಾರು ಕೂರುತ್ತಾರೋ ಅವನಿಗೂ ಗೊತ್ತಿಲ್ಲ.

ಪ್ರಿಂಟ್ ಬಂದ ಕೂಡಲೇ, ಅಂಗಡಿ ಬಿಡುವ ಮೊದಲೇ, ಕಳಿಸಿದ ಫೈಲನ್ನು 'ಎಲ್ಲರಿಗೂ ಅಳಿಸು' ಒತ್ತಿ ತೆಗೆಯಿರಿ. ಕಂಪ್ಯೂಟರಿನಲ್ಲಿ ಇಳಿಸಿದ್ದರೆ ಅದನ್ನೂ ಅಳಿಸಲು ಹೇಳಿ. ಸಂಕೋಚ ಬೇಡ. ಕಪ್ಪಾಗಿ ಬಂದು ಬಿಸಾಕಿದ ಪ್ರತಿಯನ್ನೂ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಅದರ ಹಿಂಬದಿಯಲ್ಲಿ ಯಾರಿಗೋ ಲೆಕ್ಕದ ಚೀಟಿ ಬರೆದುಕೊಡುತ್ತಾರೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ನಿಶ್ಚಿಂತೆ ಬೇಡ. ಆ ಪಾಸ್‌ವರ್ಡ್ ಅಂದರೆ ನಿಮ್ಮ ಹೆಸರಿನ ಇಂಗ್ಲಿಷಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ. ನಿಮ್ಮ ಅಂಕಪಟ್ಟಿ ನೋಡಿದ ಯಾರಿಗಾದರೂ ಗೊತ್ತಾಗುವಂಥದ್ದು.

ಮಾಸ್ಕ್ ಮಾಡಿದ ಆಧಾರ್ ಅಂತ ಒಂದಿದೆ. ಮೈ ಆಧಾರ್‌ನಲ್ಲೇ ಸಿಗುತ್ತದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಲಾಡ್ಜ್, ಪಿಜಿ, ಕೊರಿಯರ್ ಇಂಥ ಕಡೆಗೆಲ್ಲ ಅದನ್ನೇ ಕೊಡಿ. ಪೂರ್ತಿ ಪ್ರತಿ ಕೊಡಲೇಬೇಕಾದರೆ ಪ್ರತಿಯ ಮೇಲೆ ಅಡ್ಡಲಾಗಿ ಬರೆಯಿರಿ: 'ಪಿಜಿ ರೂಮಿನ ಬಾಡಿಗೆ ಕರಾರಿಗೆ ಮಾತ್ರ', ಕೆಳಗೆ ತಾರೀಖು, ಸಹಿ. ಸಹಿಯ ಬಾಲ ಫೋಟೊದ ಮೇಲೆ ಹೋಗಲಿ. ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಇದರಿಂದ ಮೋಸ ಪೂರ್ತಿ ನಿಲ್ಲುವುದಿಲ್ಲ. ಆದರೆ ಕಳ್ಳ ಪಕ್ಕದ ಖಾಲಿ ಪ್ರತಿಯನ್ನು ಎತ್ತಿಕೊಳ್ಳುತ್ತಾನೆ, ನಿಮ್ಮದನ್ನು ಬಿಡುತ್ತಾನೆ.

ಅದೇ ಹುಡುಗರಿಗೆ ಇನ್ನೊಂದು ಮಾತು. "ನಿನ್ನ ಬ್ಯಾಂಕ್ ಖಾತೆ, ಎಟಿಎಂ, ಸಿಮ್ ತಿಂಗಳಿಗೆ ಕೊಡು, ಇಷ್ಟು ಸಾವಿರ ಕೊಡುತ್ತೇನೆ" ಅಂತ ಯಾರಾದರೂ ಬಂದರೆ ಓಡಿ. ಬೇರೆಯವರಿಂದ ದೋಚಿದ ಹಣ ಆ ಖಾತೆಯ ಮೂಲಕ ಹಾದು ಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆಯ ಮಾಲೀಕನ ರೂಮಿಗೆ. ಅಲ್ಲಿಗೆ ಸರ್ಕಾರಿ ನೌಕರಿಯ ಕನಸು ಮುಗಿದ ಹಾಗೆ.

ಹೆಜ್ಜೆ 5: ಹೊಲ, ವಾಟ್ಸಾಪ್, ಪ್ಯಾನ್

ಹೊಲ ಇರುವವರು ಭೂಮಿ ಜಾಲತಾಣದಲ್ಲಿ ಉತಾರದ ಹನ್ನೊಂದನೇ ಕಾಲಂ, ಆಸ್ತಿ ನೋಂದಣಿಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ಎರಡನ್ನೂ ವರ್ಷಕ್ಕೊಮ್ಮೆ ನೋಡಿ. ಸಾಲ ತೀರಿಸಿದ ಮೇಲೂ ಬೋಜಾ ಹಾಗೇ ಕೂತಿರುವುದು ಜಾಸ್ತಿ. ಅದು ಮೋಸ ಆಗಿರಲಿಕ್ಕಿಲ್ಲ, ಉದಾಸೀನ ಅಷ್ಟೇ. ಆದರೂ ತೆಗೆಸಿ.

ಬ್ಯಾಡಗಿಗೆ ಮೆಣಸಿನಕಾಯಿ ಒಯ್ದು ದುಡ್ಡು ಖಾತೆಗೆ ಬರುವ ದಿನಗಳಲ್ಲೇ ವಾಟ್ಸಾಪ್‌ಗೆ 'ಪಿಎಂ ಕಿಸಾನ್ ಪಟ್ಟಿ', 'ವಾಹನದ ದಂಡ', 'ಮದುವೆ ಕರೆಯೋಲೆ' ಅಂತ ಫೈಲ್ ಬರಬಹುದು. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತ ಇದ್ದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಅದನ್ನು ಹಾಕಿಕೊಂಡು ಕೇಳಿದ ಅನುಮತಿ ಕೊಟ್ಟರೆ ನಿಮಗೆ ಬರುವ ಓಟಿಪಿ ಅವರಿಗೂ ಕಾಣುತ್ತದೆ. ಕಳಿಸಿದ್ದು ನಿಮ್ಮ ಸ್ವಂತ ಮಾವನ ನಂಬರಿನಿಂದಲೇ ಇರಬಹುದು, ಅವರ ಫೋನ್ ಆಗಲೇ ಕಳ್ಳರ ಕೈಗೆ ಹೋಗಿದ್ದರೆ. ಒತ್ತುವ ಮುಂಚೆ ಫೋನ್ ಮಾಡಿ ಕೇಳಿ.

ಪ್ಯಾನ್ ವಿಷಯ ಚಿಕ್ಕದು. ಆದಾಯ ತೆರಿಗೆ ಜಾಲತಾಣದಲ್ಲಿ ವಾರ್ಷಿಕ ಮಾಹಿತಿ ಪಟ್ಟಿ ತೆಗೆದು, ನಿಮ್ಮದಲ್ಲದ ಸಂಬಳ, ವ್ಯವಹಾರ ಇದೆಯಾ ನೋಡಿ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಹಾಕಿ ಹುಡುಕುವ ಸೌಲಭ್ಯ ಇದೆ. ನಿಮಗೆ ಗೊತ್ತಿಲ್ಲದ ಅಂಗಡಿ ನಿಮ್ಮ ಹೆಸರಿನಲ್ಲಿ ನಡೆಯುತ್ತಿದ್ದರೆ ಅಲ್ಲಿ ಕಾಣುತ್ತದೆ.

ಆಗಿಹೋಗಿದ್ದರೆ: ಖಾತೆಯಿಂದ ಹಣ ಹೋದಾಗ

ಮೊದಲ ಕರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ. ಅಳುವುದು, ಬೈಯುವುದು, ಮನೆಯವರಿಗೆ ಹೇಳುವುದು ಎಲ್ಲ ಆಮೇಲೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಅದು ಎಟಿಎಂನಿಂದ ಹೊರಬರುವ ಮೊದಲು ತಡೆದರೆ ಉಳಿಯಿತು. ಕರೆ ಮಾಡುವಾಗ ನಿಮ್ಮ ಖಾತೆ ನಂಬರ್, ಹೋದ ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಆಮೇಲೆ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು ಬಂದ್ ಮಾಡಿಸಿ. ಮೂರನೆಯದು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಬರಹದ ದೂರು. ಸಿಗುವ ನಂಬರನ್ನು ಎರಡು ಕಡೆ ಬರೆದಿಡಿ. ಅದನ್ನು ಹಿಡಿದು ಸೈಬರ್ ಅಪರಾಧದ (ಸಿಇಎನ್) ಠಾಣೆಗೆ ಹೋಗಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವುದು ಈ ಠಾಣೆಯೇ. ದೂರ ಆದರೆ ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬೇರೆಯವರ ಗುರುತು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಬ್ಯಾಂಕಿಗೆ ಯಾವಾಗ ಹೇಳಿದಿರಿ ಅನ್ನುವುದರ ಮೇಲೆ ದುಡ್ಡಿನ ಲೆಕ್ಕ ನಿಂತಿದೆ. ಆರ್‌ಬಿಐ 2017ರಲ್ಲಿ ಹೊರಡಿಸಿದ ನಿಯಮ ಹೀಗಿದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಅಂತಿಟ್ಟುಕೊಳ್ಳಿ. ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಹೇಳಿದರೆ ನಿಮಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ತಲೆಗೆ. ಏಳು ದಿನ ದಾಟಿದರೆ ಬ್ಯಾಂಕಿನ ಸ್ವಂತ ನೀತಿಯಂತೆ. ನೀವೇ ಓಟಿಪಿ ಹೇಳಿಬಿಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಆದರೂ ದೂರು ಕೊಡಿ, ಯಾಕೆಂದರೆ ದೂರಿನ ನಂತರ ಹೋದದ್ದು ಬ್ಯಾಂಕಿನ ಹೊಣೆ. ನಾಚಿಕೆಗೆ ಎರಡು ದಿನ ಸುಮ್ನೆ ಕೂತು ಇನ್ನಷ್ಟು ಕಳಕೊಂಡವರನ್ನು ನೋಡಿದ್ದೇನೆ.

ಆಗಿಹೋಗಿದ್ದರೆ: ನಿಮ್ಮ ಹೆಸರಿನಲ್ಲಿ ಸಾಲ ಕಂಡಾಗ

ವಸೂಲಿಯವರು ಫೋನ್ ಮಾಡಿ, "ಸರ್, ಐದು ಸಾವಿರ ಕಟ್ಟಿ ಸೆಟಲ್ ಮಾಡಿಬಿಡಿ, ಹೆಸರು ಕ್ಲಿಯರ್ ಆಗುತ್ತೆ" ಅನ್ನುತ್ತಾರೆ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಮೇಲಿಂದ 'ಸೆಟಲ್ಡ್' ಅನ್ನುವ ಪದ ವರದಿಯಲ್ಲಿ ಕಲೆಯ ಹಾಗೆ ಉಳಿಯುತ್ತದೆ. ನನಗೂ ಮೂರು ಸಲ ಹೇಳಿದರು. ಮೂರನೇ ಸಲ ಕಟ್ಟಿಬಿಡೋಣ ಅಂತ ಅನಿಸಿತ್ತು, ನಿಜ ಹೇಳುತ್ತೇನೆ. ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಅವರು ಫೋನ್ ಮಾಡುವಂತಿಲ್ಲ. ಮಾಡಿದರೆ ಸಮಯ ಬರೆದಿಡಿ.

ಹೆಜ್ಜೆ 1ರಲ್ಲಿ ಹೇಳಿದ ಕ್ರೆಡಿಟ್ ಕಂಪನಿಯ ಜಾಲತಾಣದಲ್ಲಿ 'ಡಿಸ್ಪ್ಯೂಟ್' (ತಕರಾರು) ಹಾಕಿ. ನಾಲ್ಕೂ ಕಂಪನಿಗಳಲ್ಲಿ ಆ ಸಾಲ ಇದೆಯಾ ನೋಡಿ, ಇರುವ ಎಲ್ಲ ಕಡೆಯೂ ಹಾಕಿ. ಅವರು ತಾವಾಗೇ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತಾರೆ. ಅದಕ್ಕೇ ಅದೇ ದಿನ ಸಾಲ ಕೊಟ್ಟ ಕಂಪನಿಗೂ ಬರೆಯಿರಿ. ಇಮೇಲ್ ಒಂದು, ರಿಜಿಸ್ಟರ್ಡ್ ಪೋಸ್ಟ್ ಒಂದು. ನಾನು ಬರೆದ ಪತ್ರದ ಸಾರ ಇಷ್ಟು:

"ಈ ಸಂಖ್ಯೆಯ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ, ಸಹಿ ಮಾಡಿಲ್ಲ, ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದಿಲ್ಲ. ಅರ್ಜಿ, ಅದರ ಜೊತೆಗಿನ ಗುರುತಿನ ದಾಖಲೆ, ಅರ್ಜಿದಾರನ ಫೋಟೊ, ಓಟಿಪಿ ಹೋದ ಮೊಬೈಲ್ ನಂಬರ್, ಹಣ ಹೋದ ಖಾತೆ, ವಸ್ತುವಿನ ಬಿಲ್ಲು ಇವುಗಳ ಪ್ರತಿ ಕೊಡಿ. ತನಿಖೆ ಮುಗಿಯುವವರೆಗೆ ವಸೂಲಿ ನಿಲ್ಲಿಸಿ. ಕ್ರೆಡಿಟ್ ಕಂಪನಿಗಳಿಗೆ ಕಳಿಸಿದ ಮಾಹಿತಿ ತಿದ್ದಿಸಿ. ಪೊಲೀಸ್ ದೂರಿನ ಪ್ರತಿ ಲಗತ್ತಿಸಿದ್ದೇನೆ."

ಈ ಪತ್ರದ ಜೀವ ಇರುವುದು ದಾಖಲೆ ಕೇಳುವ ಸಾಲಿನಲ್ಲಿ. ಎರಡು ತಿಂಗಳು ಸತಾಯಿಸಿ ಅವರು ಕಳಿಸಿದ ಫೋಟೊದಲ್ಲಿ ಇದ್ದದ್ದು ಇಪ್ಪತ್ತೈದರ ಒಬ್ಬ ಹುಡುಗ, ಕಿವಿಯಲ್ಲಿ ಕಡಕು. ನನಗೆ ನಲವತ್ತಾರು. ಜೊತೆಗಿದ್ದ ಆಧಾರ್ ಪ್ರತಿ ನನ್ನದೇ. ಎಡಮೂಲೆಯಲ್ಲಿ ಸ್ಟೇಪ್ಲರ್ ತೂತಿನ ಕಪ್ಪು ಗುರುತು. ಹಿಂದಿನ ವರ್ಷ ಬಾಡಿಗೆ ಮನೆ ಹುಡುಕುವಾಗ ಒಬ್ಬ ದಲ್ಲಾಳಿಗೆ ಕೊಟ್ಟ ಪ್ರತಿ ಅದು ಅಂತ ಆ ತೂತು ನೋಡಿಯೇ ಗೊತ್ತಾಯಿತು.

ದೂರಿಗೆ 30 ದಿನದ ಗಡುವು ಇದೆ. ಅಷ್ಟರಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಏಪ್ರಿಲ್ 2024ರಿಂದ ಇದು ಜಾರಿಯಲ್ಲಿದೆ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ, ಪತ್ರದಲ್ಲೇ ಬರೆದು ಕೇಳಿ. 30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲ ಅಂದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕು, ಫೈನಾನ್ಸುಗಳ ಮೇಲಿನ ದೂರು ಕೇಳುವ ಅಧಿಕಾರಿ) ದೂರು ಕೊಡಿ. ವಕೀಲರು ಬೇಡ, ಶುಲ್ಕ ಇಲ್ಲ. ಹೇಗೆ ಕೊಡುವುದು ಅಂತ ತಿಳಿಯಲು 14448ಕ್ಕೆ ಕರೆ ಮಾಡಿ. ನನ್ನ ಕೆಲಸ ಆಗಿದ್ದು ಅಲ್ಲಿ ದೂರು ಬಿದ್ದ ಮೇಲೆಯೇ.

ಸಾಲು ಅಳಿಸಿತು ಅಂತ ಫೈಲ್ ಬಿಸಾಕಬೇಡಿ. 'ಈ ಸಾಲಕ್ಕೂ ನಿಮಗೂ ಸಂಬಂಧವಿಲ್ಲ' ಅಂತ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಪತ್ರ ತಗೊಳ್ಳಿ. ಬಾಕಿ ಬಿದ್ದ ಸಾಲಗಳನ್ನು ಒಟ್ಟುಗೂಡಿಸಿ ಬೇರೆ ಕಂಪನಿಗೆ ಮಾರುವುದು ಇದೆ. ಆಗ ಸತ್ತ ಸಾಲ ಹೊಸ ಹೆಸರಿನಲ್ಲಿ ಎದ್ದು ಬರಬಹುದು. ನನಗೆ ಎಂಟು ತಿಂಗಳ ನಂತರ, ಚನ್ನಮ್ಮ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು. ಅದೇ 21,990, ಬಡ್ಡಿ ಸೇರಿ ಈಗ ಮೂವತ್ತು ದಾಟಿತ್ತು. ಹುಡುಗಿ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು. ಪತ್ರದ ಫೋಟೊ ಫೋನಿನಲ್ಲೇ ಇತ್ತು, ಅವಳ ಕಂಪನಿಯ ಇಮೇಲಿಗೆ ಅಲ್ಲೇ ನಿಂತು ಕಳಿಸಿದೆ. "ಚೆಕ್ ಮಾಡಿ ಹೇಳ್ತೀನಿ ಸರ್" ಅಂದಳು. ಮತ್ತೆ ಕರೆ ಬಂದಿಲ್ಲ.